ಉಪ್ಪು ಬೆವರಿನ ಮಕ್ಕಳು ಮತ್ತು ವಿಳಂಬದ ಬೆಲೆ

ಕೌಲ್ ಬಜಾರಿನ ಓಣಿಗಳಲ್ಲಿ ಕೆಮ್ಮು ಯಾರ ಗಮನವನ್ನೂ ಸೆಳೆಯುವುದಿಲ್ಲ. ಜೀನ್ಸ್ ಹೊಲಿಯುವ ಮನೆಗಳಲ್ಲಿ ಹಾರುವ ಹತ್ತಿಯ ಧೂಳು, ಸಂಡೂರಿನ ಗಣಿಗಳ ಕೆಂಪು ಹುಡಿ, ಸಿರುಗುಪ್ಪ ಮತ್ತು ಕುರುಗೋಡಿನ ಕಡೆಯ ಅಕ್ಕಿ ಗಿರಣಿಗಳ ಹೊಟ್ಟು, ಇವುಗಳ ನಡುವೆ ಬದುಕುವ ಜನತೆಗೆ ಕೆಮ್ಮೆಂಬುದು ಬೇಸಿಗೆಯ ಬಿಸಿಲಿನಷ್ಟೇ ಸಹಜವಾದುದು. ಮಗು ಕೆಮ್ಮಿದರೆ ಧೂಳು ಎನ್ನುತ್ತೇವೆ. ತಿಂಗಳುಗಟ್ಟಲೆ ಕೆಮ್ಮಿ ಸೊರಗಿದರೆ ಕ್ಷಯವೆಂದು ಭಯಪಡುತ್ತೇವೆ. ಈ ಎರಡೂ ಅಲ್ಲದ ಮೂರನೆಯ ಕಾರಣವೊಂದು ಕೆಲವು ಮಕ್ಕಳ ಎದೆಯಲ್ಲಿ ಹುಟ್ಟಿನಿಂದಲೇ ಅಡಗಿರುತ್ತದೆ ಎಂಬುದು ನಮ್ಮಲ್ಲಿ ಬಹುತೇಕರಿಗೆ ತಿಳಿಯದು. ಆ ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್.

2025ರ ಅಕ್ಟೋಬರ್ ತಿಂಗಳಲ್ಲಿ ನೆರೆಯ ಬಾಂಗ್ಲಾದೇಶದ ಬೆಕ್ಸಿಮ್ಕೊ ಎಂಬ ಔಷಧ ಕಂಪನಿಯು ಈ ಕಾಯಿಲೆಯ ಅತ್ಯಂತ ಪರಿಣಾಮಕಾರಿ ಔಷಧವನ್ನು ಮೂಲ ಬೆಲೆಯ ಸಣ್ಣ ಅಂಶಕ್ಕೆ ತಯಾರಿಸಿಕೊಡುವುದಾಗಿ ಘೋಷಿಸಿತು. ಜಗತ್ತಿಗೆಲ್ಲ ಅಗ್ಗದ ಔಷಧ ಒದಗಿಸುವ ದೇಶವೆಂದು ಹೆಸರು ಗಳಿಸಿದ ಭಾರತದಲ್ಲಿ ಆಗಬೇಕಾಗಿದ್ದ ಕೆಲಸ ಢಾಕಾದಲ್ಲಿ ಆಯಿತು. ಇದೇಕೆ ಹೀಗಾಯಿತು, ಇದರಿಂದ ನಮ್ಮ ನಾಡಿನ ಮಕ್ಕಳಿಗೆ ಏನು ಪ್ರಯೋಜನ ಎಂಬುದನ್ನು ಈ ವಾರ ವಿಚಾರ ಮಾಡುವುದು ಸೂಕ್ತವೆಂದು ನಾವು ಭಾವಿಸುತ್ತೇವೆ.

ಮೊದಲು ಕಾಯಿಲೆಯ ಸ್ವರೂಪವನ್ನು ಅರಿಯೋಣ. ನಮ್ಮ ದೇಹದ ಜೀವಕೋಶಗಳ ಪೊರೆಯಲ್ಲಿ ಉಪ್ಪಿನ ಅಂಶವನ್ನು ಒಳಕ್ಕೂ ಹೊರಕ್ಕೂ ಸಾಗಿಸುವ ಸೂಕ್ಷ್ಮ ದ್ವಾರಗಳಿವೆ. ಅಂತಹ ಒಂದು ದ್ವಾರವನ್ನು ನಿರ್ಮಿಸುವ ವಂಶವಾಹಿಯನ್ನು 1989ರಲ್ಲಿ ಲ್ಯಾಪ್-ಚೀ ಸುಯಿ, ಜಾನ್ ರಿಯೊರ್ಡನ್ ಮತ್ತು ಫ್ರಾನ್ಸಿಸ್ ಕಾಲಿನ್ಸ್ ಅವರ ತಂಡಗಳು ಗುರುತಿಸಿದವು. ತಂದೆಯಿಂದಲೂ ತಾಯಿಯಿಂದಲೂ ದೋಷಯುಕ್ತ ವಂಶವಾಹಿಯೇ ಬಂದರೆ ಮಗುವಿನಲ್ಲಿ ಆ ದ್ವಾರ ಕೆಲಸ ಮಾಡುವುದಿಲ್ಲ. ಆಗ ಬೆವರಿನಲ್ಲಿ ಉಪ್ಪು ಮಿತಿಮೀರಿ ಹೋಗುತ್ತದೆ. ಶ್ವಾಸಕೋಶದ ಒಳಗಿನ ತೆಳುವಾದ ಲೋಳೆಯು ನೀರಿನಂಶ ಕಳೆದುಕೊಂಡು ಅಂಟಿನಂತಾಗುತ್ತದೆ. ಮೇದೋಜೀರಕ ಗ್ರಂಥಿಯ ನಾಳಗಳು ಕಟ್ಟಿಕೊಂಡು, ತಿಂದ ಅನ್ನದ ಜಿಡ್ಡು ಜೀರ್ಣವಾಗದೆ ಹೋಗುತ್ತದೆ.

ಶ್ವಾಸಕೋಶದಲ್ಲಿ ಕಲೆ ಕಟ್ಟುವುದು ಇಲ್ಲಿಂದಲೇ ಆರಂಭವಾಗುತ್ತದೆ. ಅಂಟಾದ ಕಫ ಹೊರಬಾರದೆ ನಿಂತಲ್ಲಿ ರೋಗಾಣುಗಳು ಬೀಡು ಬಿಡುತ್ತವೆ. ಅವುಗಳೊಡನೆ ಹೋರಾಡಲು ಬಂದ ಬಿಳಿ ರಕ್ತಕಣಗಳು ಸತ್ತು ಕಫವನ್ನು ಮತ್ತಷ್ಟು ದಪ್ಪಗೊಳಿಸುತ್ತವೆ. ಅವು ಹೊರಚೆಲ್ಲಿದ ರಸಾಯನಗಳು ಶ್ವಾಸನಾಳದ ಗೋಡೆಯನ್ನೇ ತಿನ್ನುತ್ತವೆ. ಒಂದು ಸೋಂಕು ಮಾಯುವಷ್ಟರಲ್ಲಿ ಇನ್ನೊಂದು ಬರುತ್ತದೆ. ಹೀಗೆ ಹತ್ತಾರು ಸಲವಾದ ಮೇಲೆ ನಾಳಗಳು ಹಿಗ್ಗಿ ಸಡಿಲಗೊಂಡು, ಸುತ್ತಲಿನ ಮೃದುವಾದ ಅಂಗಾಂಶವು ನಾರಿನಂತೆ ಬಿಗಿದುಕೊಳ್ಳುತ್ತದೆ. ಈ ಹಿಗ್ಗುವಿಕೆಯನ್ನು ವೈದ್ಯರು ಬ್ರಾಂಕಿಯೆಕ್ಟಾಸಿಸ್ ಎಂದು ಕರೆಯುತ್ತಾರೆ. ಒಮ್ಮೆ ಬಲವಾಗಿ ಕಟ್ಟಿದ ಈ ಕಲೆ ಹಿಂದಕ್ಕೆ ಹೋಗುವುದಿಲ್ಲ. ಮಗು ಹುಟ್ಟುವಾಗ ಈ ಕಲೆಗಳಿರುವುದಿಲ್ಲ ಎಂಬ ಮಾತನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ರೋಗ ಹುಟ್ಟಿನಿಂದ ಬರುತ್ತದೆ. ಕಲೆಗಳು ಮಾತ್ರ ವರ್ಷ ವರ್ಷವೂ ಸೇರುತ್ತಾ ಹೋಗುತ್ತವೆ. ಆದ್ದರಿಂದ ರೋಗವನ್ನು ಗುರುತಿಸಲು ನಾವು ಮಾಡುವ ಪ್ರತಿಯೊಂದು ವರ್ಷದ ವಿಳಂಬವೂ ಆ ಮಗುವಿನ ಎದೆಯಲ್ಲಿ ದಾಖಲಾಗುತ್ತದೆ.

ಈ ರೋಗವನ್ನು ಜಗತ್ತು ಅರಿತ ಬಗೆಯಲ್ಲಿ ಬಳ್ಳಾರಿಯವರು ತಿಳಿಯಬೇಕಾದ ಪಾಠವೊಂದಿದೆ. 1938ರಲ್ಲಿ ಅಮೆರಿಕೆಯ ವೈದ್ಯೆ ಡೊರೊಥಿ ಆಂಡರ್ಸನ್ ಇದನ್ನು ಪ್ರತ್ಯೇಕ ರೋಗವೆಂದು ಮೊದಲ ಬಾರಿಗೆ ಸಮಗ್ರವಾಗಿ ವಿವರಿಸಿದರು. ಹತ್ತು ವರ್ಷಗಳ ಬಳಿಕ, 1948ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರಕ್ಕೆ ಭಾರೀ ಸೆಖೆ ಬಡಿದಾಗ, ನಿರ್ಜಲೀಕರಣದಿಂದ ಕುಸಿದು ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಈ ರೋಗವಿದ್ದವರೇ ಎದ್ದು ಕಾಣುವಷ್ಟು ಹೆಚ್ಚಾಗಿದ್ದರು. ಆ ಸುಳಿವನ್ನು ಹಿಡಿದ ಪಾಲ್ ಡಿ ಸಾಂತ್ ಆಗ್ನೀಸ್ ಎಂಬ ವೈದ್ಯರು, ಇಂತಹ ಮಕ್ಕಳ ಬೆವರಿನಲ್ಲಿ ಉಪ್ಪು ಅತಿಯಾಗಿರುವುದನ್ನು 1953ರಲ್ಲಿ ತೋರಿಸಿಕೊಟ್ಟರು. 1959ರಲ್ಲಿ ಗಿಬ್ಸನ್ ಮತ್ತು ಕುಕ್ ಎಂಬುವರು ರೂಪಿಸಿದ ಬೆವರು ಪರೀಕ್ಷೆ ಇಂದಿಗೂ ರೋಗನಿರ್ಣಯದ ಅಳತೆಗೋಲಾಗಿದೆ. ಮಗುವಿನ ಮುಂಗೈ ಚರ್ಮಕ್ಕೆ ಔಷಧ ಸವರಿ, ಅತ್ಯಲ್ಪ ವಿದ್ಯುತ್ ಹರಿಸಿ, ಬಂದ ಬೆವರನ್ನು ಸಂಗ್ರಹಿಸಿ ಅದರಲ್ಲಿನ ಕ್ಲೋರೈಡನ್ನು ಅಳೆಯುತ್ತಾರೆ. ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರೋಗವಿದೆಯೆಂದು, 30ಕ್ಕಿಂತ ಕಡಿಮೆಯಿದ್ದರೆ ರೋಗವಿರುವ ಸಂಭವ ಬಹಳ ಕಡಿಮೆಯೆಂದು ತಿಳಿಯಲಾಗುತ್ತದೆ. ಸೂಜಿಯಿಲ್ಲ, ನೋವಿಲ್ಲ.

ನ್ಯೂಯಾರ್ಕಿಗೆ ಅಪರೂಪಕ್ಕೆ ಬಂದ ಆ ಸೆಖೆ ನಮ್ಮ ಬಳ್ಳಾರಿಗೆ ಪ್ರತಿ ವರ್ಷದ ಅತಿಥಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಉಷ್ಣಾಂಶ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ವಾಂತಿಭೇದಿಯೇನೂ ಇಲ್ಲದೆ ಹಾಲುಗೂಸೊಂದು ಬಿಸಿಲಿನ ದಿನಗಳಲ್ಲಿ ಪದೇ ಪದೇ ಬತ್ತಿ ಬಾಡಿದರೆ, ಮುತ್ತಿಟ್ಟ ತಾಯಿಗೆ ಅದರ ಹಣೆ ಉಪ್ಪುಪ್ಪಾಗಿ ತೋರಿದರೆ, ಅದು ಬರೀ ಬಿಸಿಲಿನ ಕಾಟವೆಂದು ಸುಮ್ಮನಾಗಬಾರದು.

ಈ ರೋಗ ಬಿಳಿಯರದು, ನಮ್ಮಲ್ಲಿ ಇಲ್ಲ ಎಂಬ ನಂಬಿಕೆ ನಮ್ಮ ವೈದ್ಯಲೋಕದಲ್ಲಿಯೂ ಬಹುಕಾಲ ಉಳಿದಿತ್ತು. ಭಾರತೀಯ ಮಕ್ಕಳಲ್ಲಿ ಇದು ಕಂಡುಬಂದ ವರದಿ 1968ರಲ್ಲಿಯೇ ಪ್ರಕಟವಾಗಿದ್ದರೂ ನಂಬಿಕೆ ಬದಲಾಗಲು ದಶಕಗಳು ಹಿಡಿದವು. ದೆಹಲಿಯ ಏಮ್ಸ್ ಹಾಗೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಕ್ಕಳ ವಿಭಾಗಗಳ ದೀರ್ಘಕಾಲದ ಪರಿಶ್ರಮದಿಂದ ಈಗ ಸತ್ಯ ಸ್ಥಿರಪಟ್ಟಿದೆ. ಹುಡುಕಿದಲ್ಲಿ ಈ ಮಕ್ಕಳು ಸಿಗುತ್ತಾರೆ. ಹುಡುಕದ ಊರುಗಳಲ್ಲಿ ಅವರು ಬೇರೆ ಹೆಸರಿನ ರೋಗದಿಂದ ತೀರಿಕೊಳ್ಳುತ್ತಾರೆ.

ಆ ಬೇರೆ ಹೆಸರು ಬಹುಮಟ್ಟಿಗೆ ಕ್ಷಯ. ಬಳ್ಳಾರಿಗೆ ಕ್ಷಯದ ಪರಿಚಯ ಹಳೆಯದು. ಇಲ್ಲಿಯ ವೆಲ್ಲೆಸ್ಲಿ ಕ್ಷಯರೋಗ ಆಸ್ಪತ್ರೆಯ ಹೆಸರನ್ನು ಕೇಳದ ಹಿರಿಯರಿಲ್ಲ. ಕ್ಷಯದಲ್ಲಿಯೂ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆಗಳು ಮೂಡುತ್ತವೆ. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿಯೂ ಬಹುಪಾಲು ಅಲ್ಲಿಯೇ ಮೂಡುತ್ತವೆ. ಎರಡರಲ್ಲಿಯೂ ಮಗು ಸೊರಗುತ್ತದೆ, ಎರಡರಲ್ಲಿಯೂ ಕಫದಲ್ಲಿ ರಕ್ತ ಕಾಣಬಹುದು. ಕ್ಷಯ ವ್ಯಾಪಕವಾಗಿರುವ ನಾಡಿನಲ್ಲಿ ವೈದ್ಯರು ಎಕ್ಸ್‌ರೇ ನೋಡಿ ಮೊದಲು ಕ್ಷಯವನ್ನೇ ಶಂಕಿಸುವುದು ತಪ್ಪಲ್ಲ. ಆದರೆ ಕಫದಲ್ಲಿ ಕ್ಷಯದ ರೋಗಾಣು ಎಂದೂ ಸಿಗದೆ, ಆರು ತಿಂಗಳ ಮಾತ್ರೆ ಮುಗಿದರೂ ಕೆಮ್ಮು ನಿಲ್ಲದೆ, ಅದೇ ಮಾತ್ರೆಯನ್ನು ಮತ್ತೊಮ್ಮೆ ಆರಂಭಿಸುವಾಗ ಯಾರಾದರೂ ಒಬ್ಬರು ನಿಂತು ಪ್ರಶ್ನೆ ಕೇಳಬೇಕಾಗಿದೆ.

ಆ ಪ್ರಶ್ನೆಯನ್ನು ಹುಟ್ಟಿಸಬೇಕಾದ ಲಕ್ಷಣಗಳು ಹಲವು. ಹಸಿವು ಚೆನ್ನಾಗಿದ್ದು ತಿಂದರೂ ತೂಕ ಏರದಿರುವುದು, ಮಲವು ಜಿಡ್ಡಾಗಿ ದುರ್ನಾತದಿಂದ ಕೂಡಿರುವುದು, ಬೆರಳ ತುದಿಗಳು ಗುಂಡಗೆ ಊದಿರುವುದು, ಮೂಗಿನೊಳಗೆ ಗಡ್ಡೆ ಬೆಳೆಯುವುದು, ಪದೇ ಪದೇ ನ್ಯುಮೋನಿಯ ಬರುವುದು, ಹಿಂದೆ ಇದೇ ರೀತಿ ಕೆಮ್ಮಿ ತೀರಿಕೊಂಡ ಅಣ್ಣನೋ ಅಕ್ಕನೋ ಇರುವುದು. ಇವುಗಳಲ್ಲಿ ಎರಡು ಮೂರು ಸೇರಿದ್ದರೆ ಬೆವರು ಪರೀಕ್ಷೆ ಅಗತ್ಯ. ಹಾಗೆಂದು ವೈದ್ಯರು ಕೊಟ್ಟ ಕ್ಷಯದ ಮಾತ್ರೆಯನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು. ಕ್ಷಯವೂ ಕೊಲ್ಲುವ ರೋಗವೇ. ಎರಡೂ ರೋಗಗಳು ಒಬ್ಬರಲ್ಲಿಯೇ ಇರುವುದೂ ಉಂಟು.

ಪರೀಕ್ಷೆ ಸುಲಭವಾದರೂ ಅದು ಸಿಗುವ ಸ್ಥಳ ಸಮೀಪದಲ್ಲಿಲ್ಲ. ಪ್ರತಿಯೊಂದು ಜಿಲ್ಲಾ ಕೇಂದ್ರದಲ್ಲಿಯೂ ಅದನ್ನು ನಂಬಿಕೆಗೆ ಅರ್ಹವಾಗಿ ಮಾಡುವವರಿರುವುದಿಲ್ಲ. ಸಿರುಗುಪ್ಪದ ಕೂಲಿಕಾರನೊಬ್ಬ ದೂರದ ಬೆಂಗಳೂರಿಗೋ, ಅದಕ್ಕೂ ಆಚೆಯ ವೆಲ್ಲೂರಿಗೋ ಮಗುವನ್ನು ಕರೆದೊಯ್ಯಬೇಕೆಂದರೆ ಎರಡು ಮೂರು ದಿನದ ಕೂಲಿ, ಬಸ್ಸಿನ ಖರ್ಚು, ಇಳಿದುಕೊಳ್ಳುವ ವ್ಯವಸ್ಥೆ ಎಲ್ಲವನ್ನೂ ಲೆಕ್ಕ ಹಾಕಬೇಕು. ಏಮ್ಸ್‌ನ ವೈದ್ಯರು ಕಡಿಮೆ ಖರ್ಚಿನ ದೇಶೀಯ ಬೆವರು ಪರೀಕ್ಷೆಯ ಸಾಧನವನ್ನು ಬಹಳ ಹಿಂದೆಯೇ ರೂಪಿಸಿ ಬಳಸಿ ತೋರಿಸಿದ್ದಾರೆ. ಅದು ಜಿಲ್ಲೆಗಳಿಗೆ ತಲುಪದಿರುವುದಕ್ಕೆ ಹಣವೊಂದೇ ಕಾರಣವೆಂದು ಹೇಳುವಂತಿಲ್ಲ.

ರೋಗನಿರ್ಣಯವಾದ ಮನೆಯ ದಿನಚರಿಯನ್ನು ಒಮ್ಮೆ ಊಹಿಸಿಕೊಳ್ಳೋಣ. ಬೆಳಗ್ಗೆ ಎದ್ದೊಡನೆ ನೆಬ್ಯುಲೈಸರ್ ಮೂಲಕ ಗಟ್ಟಿ ಉಪ್ಪುನೀರಿನ ಹಬೆ, ಅನಂತರ ಮಗುವನ್ನು ಬೇರೆ ಬೇರೆ ಭಂಗಿಗಳಲ್ಲಿ ಮಲಗಿಸಿ ಎದೆ ಬೆನ್ನು ತಟ್ಟಿ ಕಫ ಇಳಿಸುವ ಕೆಲಸ, ಸಂಜೆ ಮತ್ತೊಮ್ಮೆ ಅದೇ. ಪ್ರತಿ ಊಟದೊಡನೆ ಜೀರ್ಣಕ್ಕೆ ಬೇಕಾದ ಕಿಣ್ವದ ಕ್ಯಾಪ್ಸೂಲು. ಜಿಡ್ಡಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳು. ಎಲ್ಲರಿಗೂ ಉಪ್ಪು ಕಡಿಮೆ ಮಾಡಿರೆಂದು ಹೇಳುವ ವೈದ್ಯರು ಈ ಮಗುವಿಗೆ ಮಾತ್ರ ಉಪ್ಪು, ತುಪ್ಪ ಎರಡನ್ನೂ ಹೆಚ್ಚಿಸಿರೆನ್ನುತ್ತಾರೆ. ಸೋಂಕು ಉಲ್ಬಣಿಸಿದಾಗ ಎರಡು ವಾರಗಳ ಕಾಲ ರಕ್ತನಾಳದ ಮೂಲಕ ಪ್ರತಿಜೈವಿಕ ಔಷಧ. ಈ ಎಲ್ಲ ಭಾರ ಹೆಚ್ಚಾಗಿ ತಾಯಿಯ ಮೇಲೆಯೇ ಬೀಳುತ್ತದೆ. ಜೀನ್ಸ್ ಹೊಲಿದು ದಿನದ ಲೆಕ್ಕದಲ್ಲಿ ಗಳಿಸುವ ತಾಯಿಗೆ ದಿನಕ್ಕೆ ಎರಡು ಮೂರು ಗಂಟೆ ಹೀಗೆ ಹೋದರೆ ಮನೆಯ ಆದಾಯವೂ ಹೋಗುತ್ತದೆ.

ಇನ್ನೊಂದು ನೋವು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಕುಷ್ಠ, ಕ್ಷಯ, ಏಡ್ಸ್ ಪೀಡಿತರು ಒಂದೆಡೆ ಸೇರಿ ಪರಸ್ಪರ ಧೈರ್ಯ ಹೇಳಿಕೊಳ್ಳಬಲ್ಲರು. ಸಿಸ್ಟಿಕ್ ಫೈಬ್ರೋಸಿಸ್ ಇರುವವರಿಗೆ ಆ ಸೌಲಭ್ಯವೂ ಇಲ್ಲ. ಒಬ್ಬರ ಶ್ವಾಸಕೋಶದ ರೋಗಾಣು ಮತ್ತೊಬ್ಬರಿಗೆ ಅಪಾಯಕರವಾದ್ದರಿಂದ ಇಬ್ಬರು ರೋಗಿಗಳು ಪರಸ್ಪರ ಸುಮಾರು ಎರಡು ಮೀಟರ್ ದೂರವಿರಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಇತರರಿಗೆ ಇದು ಅಂಟುವ ರೋಗವಲ್ಲ. ಆದರೂ ಸದಾ ಕೆಮ್ಮುವ ಮಗುವನ್ನು ಶಾಲೆಯಲ್ಲಿ ಕೊನೆಯ ಬೆಂಚಿಗೆ ಕಳುಹಿಸುವವರು, ದೇವಾಲಯದಲ್ಲಿ ಪಕ್ಕದಿಂದ ಸರಿದು ಕುಳಿತುಕೊಳ್ಳುವವರು ನಮ್ಮಲ್ಲಿದ್ದಾರೆ. ಸಮಾನ ದುಃಖಿಗಳ ಸಂಗ ನಿಷಿದ್ಧವಾದ ಈ ಮಕ್ಕಳಿಗೆ ಆರೋಗ್ಯವಂತರಾದ ನಮ್ಮ ಸಂಗವಾದರೂ ಸಿಗಬೇಡವೇ?

ಈಗ ಔಷಧದ ವಿಷಯಕ್ಕೆ ಬರೋಣ. 2019ರ ಅಕ್ಟೋಬರ್‌ನಲ್ಲಿ ಅಮೆರಿಕೆಯ ವರ್ಟೆಕ್ಸ್ ಕಂಪನಿಯ ಟ್ರಿಕಾಫ್ಟಾ ಎಂಬ ಔಷಧಕ್ಕೆ ಆ ದೇಶದಲ್ಲಿ ಮಂಜೂರಾತಿ ದೊರೆಯಿತು. ಮೂರು ರಸಾಯನಗಳ ಈ ಮಿಶ್ರಣ ದೋಷಯುಕ್ತ ದ್ವಾರವನ್ನೇ ಸರಿಯಾಗಿ ಕೆಲಸ ಮಾಡುವಂತೆ ಪ್ರೇರೇಪಿಸುತ್ತದೆ. ಶ್ವಾಸಕೋಶದ ಕಸಿಗಾಗಿ ಕಾಯುತ್ತಿದ್ದ ಹಲವರು ಆ ಪಟ್ಟಿಯಿಂದ ಹೊರಬಂದರು. 1950ರ ದಶಕದಲ್ಲಿ ಶಾಲೆಯ ವಯಸ್ಸು ಮುಟ್ಟುವುದೇ ದುರ್ಲಭವಾಗಿದ್ದ ಈ ಮಕ್ಕಳ ನಿರೀಕ್ಷಿತ ಆಯಸ್ಸು ಅಮೆರಿಕೆಯಲ್ಲಿ ಇಂದು 60 ವರ್ಷವನ್ನು ದಾಟಿದೆ. ಆದರೆ ಬಿಡುಗಡೆಯಾದಾಗ ಆ ಔಷಧದ ಬೆಲೆ ವರ್ಷಕ್ಕೆ 3,11,000 ಡಾಲರ್. ಅಂದಿನ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿಗೂ ಅಧಿಕ. ಬದುಕಿರುವವರೆಗೆ ಪ್ರತಿ ವರ್ಷವೂ ಅಷ್ಟು ತೆರಬೇಕು. ಅದನ್ನು ವರ್ಷಕ್ಕೆ ಸುಮಾರು 5,700 ಡಾಲರಿಗೆ ತಯಾರಿಸಬಹುದೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು.

2023ರ ಫೆಬ್ರವರಿಯಲ್ಲಿ ಭಾರತ, ದಕ್ಷಿಣ ಆಫ್ರಿಕಾ, ಬ್ರೆಜಿಲ್ ಮತ್ತು ಉಕ್ರೇನ್ ದೇಶಗಳಲ್ಲಿ ರೋಗಿಗಳೂ ಅವರ ಕುಟುಂಬಗಳೂ ಈ ಏಕಸ್ವಾಮ್ಯದ ವಿರುದ್ಧ ಏಕಕಾಲದಲ್ಲಿ ದನಿಯೆತ್ತಿದವು. ಅರ್ಜೆಂಟೀನಾದಲ್ಲಿ ಅಷ್ಟರಲ್ಲಾಗಲೇ ಗಡೋರ್ ಎಂಬ ಸ್ಥಳೀಯ ಕಂಪನಿ ಇದೇ ಔಷಧವನ್ನು ತಯಾರಿಸಿ ಮಾರುತ್ತಿತ್ತು. ಬಾಂಗ್ಲಾದೇಶವು ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿದ್ದುದರಿಂದ ಔಷಧಗಳ ಪೇಟೆಂಟಿನ ಕಟ್ಟಳೆಯಿಂದ ವಿನಾಯಿತಿ ಪಡೆದಿತ್ತು. ಆ ಅವಕಾಶವನ್ನು ಬಳಸಿಕೊಂಡು ಬೆಕ್ಸಿಮ್ಕೊ ಘೋಷಿಸಿದ ಬೆಲೆ ವಯಸ್ಕರಿಗೆ ವರ್ಷಕ್ಕೆ 12,750 ಡಾಲರ್, ಅಂದರೆ ಸುಮಾರು 11 ಲಕ್ಷ ರೂಪಾಯಿ. ಮಕ್ಕಳಿಗೆ ಅದರ ಅರ್ಧ. ಬಡವರಿಗೆ ಇದೂ ಕೈಗೆಟುಕದ ಮೊತ್ತವೇ. ಆದರೆ ಸರ್ಕಾರವೊಂದಕ್ಕೆ ಇದು ಅಸಾಧ್ಯವಾದ ಮೊತ್ತವಲ್ಲ.

ಭಾರತದ ಕಾನೂನು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. ಪೇಟೆಂಟ್ ಪಡೆದವರು ಔಷಧವನ್ನು ಜನರಿಗೆ ನ್ಯಾಯವಾದ ಬೆಲೆಯಲ್ಲಿ ಒದಗಿಸದಿದ್ದರೆ ಬೇರೊಬ್ಬರಿಗೆ ಕಡ್ಡಾಯ ಪರವಾನಗಿ ಕೊಡಲು ಪೇಟೆಂಟ್ ಕಾಯಿದೆಯ 84ನೇ ಕಲಮಿನಲ್ಲಿ ಅವಕಾಶವಿದೆ. 2012ರಲ್ಲಿ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಕ್ಯಾನ್ಸರ್ ಔಷಧವೊಂದಕ್ಕೆ ಇಂತಹ ಪರವಾನಗಿ ದೊರೆತಾಗ, ತಿಂಗಳಿಗೆ 2.8 ಲಕ್ಷ ರೂಪಾಯಿಯ ಔಷಧ 8,880 ರೂಪಾಯಿಗೆ ಇಳಿಯಿತು. 2025ರ ಅಕ್ಟೋಬರ್‌ನಲ್ಲಿ, ಸ್ನಾಯುಗಳನ್ನು ಕುಂದಿಸುವ ಎಸ್‌ಎಂಎ ಎಂಬ ವಿರಳ ರೋಗದ ಔಷಧದ ಕುರಿತು ರೋಶ್ ಕಂಪನಿ ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟೂ ಸುಪ್ರೀಂ ಕೋರ್ಟೂ ತಡೆಯಾಜ್ಞೆ ನೀಡಲು ನಿರಾಕರಿಸಿದವು. ಆರು ಲಕ್ಷ ರೂಪಾಯಿಯ ಆಸುಪಾಸಿನಲ್ಲಿದ್ದ ಒಂದು ಬಾಟಲಿಯ ಬದಲಿಗೆ ಅದೇ ನ್ಯಾಟ್ಕೊ 15,900 ರೂಪಾಯಿಯ ಬಾಟಲಿಯನ್ನು ಮಾರುಕಟ್ಟೆಗೆ ತಂದಿತು. ವಿರಳ ರೋಗದ ಔಷಧ ಅಗ್ಗವಾಗದು ಎಂಬ ವಾದಕ್ಕೆ ಇನ್ನು ಬಲವಿಲ್ಲ.

ಕೇಂದ್ರ ಸರ್ಕಾರದ 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿಯು ಈ ರೋಗವನ್ನು ಮೂರನೆಯ ಗುಂಪಿನಲ್ಲಿ, ಅಂದರೆ ಅತ್ಯಂತ ದುಬಾರಿ ಚಿಕಿತ್ಸೆಯ ಗುಂಪಿನಲ್ಲಿ, ಸೇರಿಸಿದೆ. 2022ರಲ್ಲಿ ಆದ ತಿದ್ದುಪಡಿಯಂತೆ ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ಒಬ್ಬ ರೋಗಿಗೆ 50 ಲಕ್ಷ ರೂಪಾಯಿಯವರೆಗೆ ನೆರವು ದೊರೆಯಬಹುದು. ಕರ್ನಾಟಕದಲ್ಲಿ ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರವು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಡನೆ ಇಂತಹ ಕೇಂದ್ರವಾಗಿದೆ. ಮೂಲ ಕಂಪನಿಯ ಬೆಲೆಯಲ್ಲಿ ಆ 50 ಲಕ್ಷ ಮೂರು ತಿಂಗಳಿಗೂ ಸಾಲದು. ಢಾಕಾದ ಬೆಲೆಯಲ್ಲಿ ವಯಸ್ಕನಿಗೆ ನಾಲ್ಕು ವರ್ಷ, ಮಗುವಿಗೆ ಎಂಟು ವರ್ಷಕ್ಕೂ ಮೇಲ್ಪಟ್ಟು ಸಾಗುತ್ತದೆ. ಅದೇ ಬೊಕ್ಕಸದ ಅದೇ ಹಣದಿಂದ ಹಲವು ಪಟ್ಟು ಹೆಚ್ಚು ಉಸಿರು ಉಳಿಸಬಹುದೆಂದಾಗ, ಬೆಲೆಯ ಪ್ರಶ್ನೆಯನ್ನು ಎತ್ತದೆ ನೆರವಿನ ಮಾತನ್ನಷ್ಟೇ ಆಡುವುದು ಅರೆಮನಸ್ಸಿನ ಕಾರ್ಯವಾಗುತ್ತದೆ.

ಹಾಗಿದ್ದರೂ ಔಷಧ ಬಂದರೆ ಎಲ್ಲವೂ ಬಗೆಹರಿಯಿತೆಂದು ನಾವು ಹೇಳುತ್ತಿಲ್ಲ. ಭಾರತೀಯ ರೋಗಿಗಳಲ್ಲಿ ವಂಶವಾಹಿಯ ದೋಷಗಳು ಬಗೆಬಗೆಯವು. ಯುರೋಪಿನವರಲ್ಲಿ ಅತಿ ಸಾಮಾನ್ಯವಾದ ದೋಷ ನಮ್ಮವರಲ್ಲಿ ಅಷ್ಟು ಸಾಮಾನ್ಯವಲ್ಲ. ಆದ್ದರಿಂದ ಯಾರಿಗೆ ಈ ಔಷಧ ಫಲಿಸುವುದೆಂದು ತಿಳಿಯಲು ವಂಶವಾಹಿ ಪರೀಕ್ಷೆ ಬೇಕು. ಎರಡನೆಯದಾಗಿ, ಈ ಔಷಧ ಕಫವನ್ನು ತಿಳಿಯಾಗಿಸುತ್ತದೆಯೇ ಹೊರತು ಆಗಲೇ ಬಲವಾಗಿ ಕಟ್ಟಿದ ಕಲೆಯನ್ನು ಅಳಿಸುವುದಿಲ್ಲ. ಹತ್ತು ವರ್ಷ ಕ್ಷಯವೆಂದು ತಿರುಗಾಡಿ ಬಂದ ಹುಡುಗನಿಗೂ, ಹುಟ್ಟಿದ ವರ್ಷದಲ್ಲಿಯೇ ರೋಗ ಪತ್ತೆಯಾದ ಕೂಸಿಗೂ ಒಂದೇ ಮಾತ್ರೆಯಿಂದ ದೊರೆಯುವ ಫಲ ಒಂದೇ ಆಗಿರದು. ಅಮೆರಿಕೆಯ ಎಲ್ಲ ರಾಜ್ಯಗಳಲ್ಲಿ 2010ರಿಂದ ಪ್ರತಿ ನವಜಾತ ಶಿಶುವಿನ ಹಿಮ್ಮಡಿಯ ಒಂದು ಹನಿ ರಕ್ತದಲ್ಲಿ ಈ ರೋಗದ ಸುಳಿವನ್ನು ಹುಡುಕಲಾಗುತ್ತಿದೆ. ನಮ್ಮಲ್ಲಿ ಅಷ್ಟು ದೂರ ಹೋಗುವ ಮೊದಲು, ಕಣ್ಣೆದುರು ಕೆಮ್ಮುತ್ತಿರುವ ಮಕ್ಕಳನ್ನಾದರೂ ಸರಿಯಾಗಿ ಪರೀಕ್ಷಿಸಬಹುದು.

ಬಾಂಧವ್ಯದ ವಿವಾಹಗಳ ವಿಷಯವನ್ನೂ ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು. ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧಿಗಳ ನಡುವೆ ನಡೆಯುತ್ತದೆ. ಸೋದರಮಾವ ಮತ್ತು ಅಕ್ಕನ ಮಗಳು ತಮ್ಮ ವಂಶವಾಹಿಗಳಲ್ಲಿ ನಾಲ್ಕನೇ ಒಂದು ಪಾಲನ್ನು, ಅತ್ತೆ ಮಾವನ ಮಕ್ಕಳು ಎಂಟನೇ ಒಂದು ಪಾಲನ್ನು ಸಮಾನವಾಗಿ ಹೊಂದಿರುತ್ತಾರೆ. ಅಡಗಿದ ದೋಷ ಎರಡೂ ಕಡೆಯಿಂದ ಒಂದಾಗುವ ಸಂಭವ ಅಲ್ಲಿ ಹೆಚ್ಚು. ಹಾಗೆ ಇಬ್ಬರೂ ದೋಷದ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಾಧ್ಯತೆ. ಶ್ರೀಸಭೆಯ ಕಾನೂನು ಸಂಹಿತೆಯ 1091ನೇ ವಿಧಿ ಇಂತಹ ವಿವಾಹಗಳಿಗೆ ರಕ್ತಸಂಬಂಧದ ತಡೆಯನ್ನು ಒಡ್ಡುತ್ತದೆ. ಧರ್ಮಾಧ್ಯಕ್ಷರಿಂದ ವಿನಾಯಿತಿ ಪಡೆಯುವ ಮಾರ್ಗವೂ ಇದೆ. ಆ ವಿನಾಯಿತಿಯ ಅರ್ಜಿ ಬರೀ ಕಾಗದದ ವ್ಯವಹಾರವಾಗದೆ, ವಿವಾಹಪೂರ್ವ ತರಬೇತಿಯಲ್ಲಿ ವಂಶವಾಹಿ ರೋಗಗಳ ಕುರಿತು ಒಂದು ತಾಸಿನ ತಿಳಿವಳಿಕೆಗೆ ಅವಕಾಶವಾದರೆ ಎಷ್ಟೋ ಕುಟುಂಬಗಳಿಗೆ ಉಪಕಾರವಾದೀತು. ಇದು ಯಾರನ್ನೂ ದೂಷಿಸುವ ಮಾತಲ್ಲ. ಸಂಬಂಧದ ಹೊರಗೆ ಮದುವೆಯಾದವರಲ್ಲಿಯೂ ಈ ರೋಗದ ಮಕ್ಕಳು ಹುಟ್ಟುತ್ತಾರೆ. ಅದರಲ್ಲಿಯೂ ತಾಯಿಯೊಬ್ಬಳನ್ನೇ ದೂರುವುದು ಶುದ್ಧ ಅನ್ಯಾಯ. ದೋಷ ಬರುವುದು ಇಬ್ಬರಿಂದಲೂ.

ಬಳ್ಳಾರಿಯಲ್ಲಿ ಆಗಬಹುದಾದ ಕೆಲಸವೇನು? ಗಣಿಗಾರಿಕೆಯಿಂದ ಸಂಗ್ರಹವಾಗುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ 2015ರ ಕಾಯಿದೆ ತಿದ್ದುಪಡಿಯಿಂದ ಅಸ್ತಿತ್ವಕ್ಕೆ ಬಂದಿದೆ. ಅದರ ಹೆಚ್ಚಿನ ಪಾಲು ಆರೋಗ್ಯ, ಕುಡಿಯುವ ನೀರು, ಶಿಕ್ಷಣ ಮುಂತಾದ ಆದ್ಯತೆಯ ಕ್ಷೇತ್ರಗಳಿಗೆ ಸಲ್ಲಬೇಕೆಂಬುದು ನಿಯಮ. ಈ ನೆಲದ ಧೂಳನ್ನು ಉಸಿರಾಡಿದವರ ಶ್ವಾಸಕೋಶಕ್ಕೆ ಆ ಹಣದ ಮೇಲೆ ಮೊದಲ ಹಕ್ಕಿದೆ. ಜನರು ಇಂದಿಗೂ ವಿಮ್ಸ್ ಎಂದೇ ಕರೆಯುವ ನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಆ ನಿಧಿಯಿಂದ ಬೆವರು ಪರೀಕ್ಷೆಯ ಸಾಧನ, ಅದನ್ನು ಬಲ್ಲ ತಂತ್ರಜ್ಞರು, ಎದೆಯ ವ್ಯಾಯಾಮ ಕಲಿಸುವ ಫಿಸಿಯೋಥೆರಪಿ ಕೊಠಡಿ, ಇಷ್ಟನ್ನು ಖಾಯಂ ಆಗಿ ಒದಗಿಸುವುದು ದೊಡ್ಡ ಮಾತಲ್ಲ. ಆ ಕೊಠಡಿ ಸಿಸ್ಟಿಕ್ ಫೈಬ್ರೋಸಿಸ್ ಮಕ್ಕಳಿಗಷ್ಟೇ ಅಲ್ಲ, ಕ್ಷಯ ಮಾಯ್ದ ಮೇಲೂ ಕಲೆಗಟ್ಟಿದ ಶ್ವಾಸಕೋಶದೊಡನೆ ಬದುಕುವ ಅನೇಕ ಹಿರಿಯರಿಗೂ ಆಸರೆಯಾಗುತ್ತದೆ. ರೋಗಾಣು ಪತ್ತೆಯಾಗದೆಯೇ ಎರಡನೆಯ ಬಾರಿಗೆ ಕ್ಷಯದ ಚಿಕಿತ್ಸೆಗೆ ಬರುವ ಪ್ರತಿ ಮಗುವಿಗೂ ಬೆವರು ಪರೀಕ್ಷೆಯಾಗಲೇಬೇಕೆಂಬ ಒಂದು ಸಾಲಿನ ಆದೇಶಕ್ಕೆ ಖರ್ಚೇ ಇಲ್ಲ.

ಧರ್ಮಕೇಂದ್ರಗಳಿಗೂ ಇಲ್ಲಿ ಪಾತ್ರವಿದೆ. ಮನೆಮನೆಗೆ ಹೋಗುವ ಸಿಸ್ಟರುಗಳು, ಆಶಾ ಕಾರ್ಯಕರ್ತೆಯರು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ಮೇಲೆ ಹೇಳಿದ ಲಕ್ಷಣಗಳನ್ನು ತಿಳಿದಿದ್ದರೆ ಸಾಕು, ಹಲವು ಮಕ್ಕಳು ಸಕಾಲದಲ್ಲಿ ಬೆಂಗಳೂರಿನ ಬಸ್ಸು ಹತ್ತಬಹುದು. ಆ ಬಸ್ಸಿನ ಖರ್ಚಿಗೆ, ತಾಯಿ ಕಳೆದುಕೊಂಡ ಎರಡು ದಿನದ ಕೂಲಿಗೆ ನೆರೆಹೊರೆಯವರು ಕೈಜೋಡಿಸಿದರೆ ಅದು ಅತ್ಯಂತ ಅರ್ಥಪೂರ್ಣ ದಾನವಾಗುತ್ತದೆ. ಔಷಧದ ಬೆಲೆಯನ್ನು ಇಳಿಸುವ ಅಧಿಕಾರ ನಮ್ಮ ಕೈಯಲ್ಲಿಲ್ಲ. ಅದಕ್ಕಾಗಿ ನಮ್ಮ ಶಾಸಕರನ್ನೂ ಸಂಸದರನ್ನೂ ಎಡೆಬಿಡದೆ ಕೇಳಬಹುದು. ರೋಗವನ್ನು ಬೇಗ ಗುರುತಿಸುವುದು ಮಾತ್ರ ನಮ್ಮ ಓಣಿಯಲ್ಲಿಯೇ, ಇಂದೇ, ಆರಂಭಿಸಬಹುದಾದ ಕೆಲಸ. ಮುಂದಿನ ಬೇಸಿಗೆ ಬರುವ ಮೊದಲು ಅದು ಆರಂಭವಾಗಲಿ ಎಂಬುದು ನಮ್ಮ ಆಶಯ.